1932–33ರ ಸೋವಿಯತ್ ಕ್ಷಾಮ: ಕಣದಲ್ಲಿ ಮೊದಲ ಪಾಲು ಯಾರದಾಗಿತ್ತು?

ಗ್ರಂಥಪಾಲಕಿ:

ನಮ್ಮ ಓದುಗರ ಬಳಗದಲ್ಲಿ ಎರಡು ಮಹಾಯುದ್ಧಗಳ ನಡುವಿನ ರಷ್ಯಾದ ಬಗ್ಗೆ ಒಂದು ತಿಂಗಳಿಂದ ಮಾತುಕತೆ ನಡೆಯುತ್ತಿದೆ. ಅಲ್ಲಿ ಬಗೆಹರಿಯದ ಪ್ರಶ್ನೆಯೊಂದನ್ನು ಇಲ್ಲಿ ಇಡುತ್ತಿದ್ದೇನೆ. 1929ರ ಕೊನೆಯಲ್ಲಿ ಸ್ಟಾಲಿನ್ ಸರ್ಕಾರ ರೈತರ ಹೊಲ, ಎತ್ತು, ಕುದುರೆ, ನೇಗಿಲುಗಳನ್ನೆಲ್ಲ ಒಂದುಗೂಡಿಸಿ ಸಾಮೂಹಿಕ ಬೇಸಾಯಕ್ಕೆ ತಂದಿತು. ಮೂರೇ ವರ್ಷಗಳಲ್ಲಿ ಯುಕ್ರೇನ್, ಉತ್ತರ ಕಾಕಸಸ್ಸಿನ ಕುಬಾನ್, ವೋಲ್ಗಾ ತೀರ ಮತ್ತು ಕಜಕಸ್ತಾನಗಳಲ್ಲಿ ಭೀಕರ ಕ್ಷಾಮ ಬಿದ್ದಿತು. ಒಟ್ಟು ಸತ್ತವರು 55 ಲಕ್ಷದಿಂದ 80 ಲಕ್ಷದವರೆಗೆ ಎಂದು ವಿದ್ವಾಂಸರು ಲೆಕ್ಕ ಹಾಕುತ್ತಾರೆ. ಯುಕ್ರೇನಿನ ಕಪ್ಪು ಮಣ್ಣು ಯೂರೋಪಿನಲ್ಲೇ ಹೆಸರಾದ ಗೋಧಿಯ ನೆಲ. ಅಲ್ಲಿ ಗೋಧಿ ಬೆಳೆದವರೇ ಹಸಿದು ಸತ್ತದ್ದು ಹೇಗೆ? ಮಳೆ ಕೈಕೊಟ್ಟಿತೆ, ಆಡಳಿತ ಎಡವಿತೆ, ಅಥವಾ ಬೇಕೆಂದೇ ಮಾಡಿದ್ದೆ?

ನನ್ನ ಹಿನ್ನೆಲೆಯನ್ನೂ ಹೇಳಿಬಿಡುತ್ತೇನೆ. ಮಾಸ್ಕೋದಲ್ಲಿ ಅಚ್ಚಾಗಿ ಬರುತ್ತಿದ್ದ ಅಗ್ಗದ ಕನ್ನಡ ಪುಸ್ತಕಗಳನ್ನು ಓದಿ ಬೆಳೆದವಳು ನಾನು. ಟ್ರ್ಯಾಕ್ಟರಿನ ಮೇಲೆ ಕುಳಿತು ನಗುವ, ತಲೆಗೆ ಕೆಂಪು ವಸ್ತ್ರ ಕಟ್ಟಿದ ಹೆಣ್ಣುಮಗಳ ಚಿತ್ರ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆದ್ದರಿಂದ ಈ ಪ್ರಶ್ನೆ ಕೇಳುವಾಗ ನನಗೆ ಸ್ವಲ್ಪ ಅಳುಕೂ ಇದೆ.

ಅಂಕಿಗಾರ:

ಮೊದಲು ಘಟನೆಗಳ ಸರಣಿಯನ್ನು ಹೇಳುತ್ತೇನೆ. ಚರ್ಚೆ ಮಾಡುವವರು ಸಾಮಾನ್ಯವಾಗಿ ನೇರ 1933ಕ್ಕೆ ಹಾರಿಬಿಡುತ್ತಾರೆ.

ಅಂತರ್ಯುದ್ಧದ ಕಾಲದ ಬಲವಂತದ ಧಾನ್ಯ ವಸೂಲಿಯಿಂದ ಹಳ್ಳಿಗಳು ದಂಗೆ ಎದ್ದಾಗ, 1921ರಲ್ಲಿ ಲೆನಿನ್ ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. ರೈತ ನಿಗದಿತ ತೆರಿಗೆಯನ್ನು ಧಾನ್ಯದಲ್ಲಿ ಕೊಟ್ಟು ಮಿಕ್ಕಿದ್ದನ್ನು ಸಂತೆಯಲ್ಲಿ ಮಾರಬಹುದಿತ್ತು. ಇದೇ ಹೊಸ ಆರ್ಥಿಕ ನೀತಿ. ಆರೇಳು ವರ್ಷ ಹಳ್ಳಿ ಉಸಿರಾಡಿತು. 1927ರ ಕೊನೆಗೆ ಸರ್ಕಾರ ಕೊಡುತ್ತಿದ್ದ ಬೆಲೆಗೆ ಧಾನ್ಯ ಬರುವುದು ಕಡಿಮೆಯಾಯಿತು. ಅಂಗಡಿಯಲ್ಲಿ ಕೊಳ್ಳಲು ಬಟ್ಟೆಯಾಗಲಿ, ಮೊಳೆಯಾಗಲಿ ಸಿಗದಿದ್ದಾಗ ರೈತ ಕಾಗದದ ದುಡ್ಡಿಗೆ ಗೋಧಿ ಏಕೆ ಮಾರಬೇಕು? 1928ರ ಜನವರಿಯಲ್ಲಿ ಸ್ಟಾಲಿನ್ ಸ್ವತಃ ಸೈಬೀರಿಯಾಕ್ಕೆ ಹೋಗಿ, ಧಾನ್ಯ ಹಿಡಿದಿಟ್ಟುಕೊಂಡವರ ಮೇಲೆ ಕಾಳಸಂತೆಕೋರರ ವಿರುದ್ಧದ ಕಾನೂನನ್ನು ಪ್ರಯೋಗಿಸುವಂತೆ ಅಧಿಕಾರಿಗಳನ್ನು ಒತ್ತಾಯಿಸಿದರು. ಸಂತೆಯ ಕಾಲ ಮುಗಿದದ್ದು ಅಲ್ಲಿಂದ.

1929ರ ಅಕ್ಟೋಬರ್ ಆರಂಭದಲ್ಲಿ ನೂರು ರೈತ ಕುಟುಂಬಗಳಲ್ಲಿ ಏಳೆಂಟು ಮಾತ್ರ ಸಾಮೂಹಿಕ ಬೇಸಾಯದಲ್ಲಿದ್ದವು. 1930ರ ಮಾರ್ಚ್ ಹೊತ್ತಿಗೆ ಕಾಗದದ ಮೇಲೆ 56 ಆಗಿದ್ದವು. ಐದೇ ತಿಂಗಳು, ಅದೂ ಹಿಮ ಮುಚ್ಚಿದ ಚಳಿಗಾಲ. ಮಾರ್ಚ್ 2ರಂದು ‘ಪ್ರಾವ್ದಾ’ ಪತ್ರಿಕೆಯಲ್ಲಿ ಸ್ಟಾಲಿನ್, ಕೆಳಗಿನ ಅಧಿಕಾರಿಗಳಿಗೆ ಯಶಸ್ಸಿನಿಂದ ತಲೆ ತಿರುಗಿದೆ ಎಂದು ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಿ ಲೇಖನ ಬರೆದರು. ರೈತರು ಆ ಪತ್ರಿಕೆಯನ್ನು ಕೈಯಲ್ಲಿ ಹಿಡಿದೇ ಸಾಮೂಹಿಕ ಬೇಸಾಯದ ಸಂಘ ಬಿಟ್ಟು ಹೊರಬಂದರು. ಬೇಸಿಗೆಯ ಹೊತ್ತಿಗೆ ಪ್ರಮಾಣ 24ರ ಆಸುಪಾಸಿಗೆ ಇಳಿಯಿತು. ಬಿಟ್ಟು ಬಂದವರಿಗೆ ಹಳೆಯ ಒಳ್ಳೆಯ ಜಮೀನು ಮರಳಿ ಸಿಗಲಿಲ್ಲ, ತೆರಿಗೆಯೂ ಹೆಚ್ಚಾಯಿತು. 1931ರಲ್ಲಿ ಮತ್ತೆ ಅವರನ್ನು ಒಳಗೆ ಸೇರಿಸಲಾಯಿತು.

ಇದರ ಜೊತೆಗೇ ‘ಕುಲಾಕ್’ರ ನಿರ್ಮೂಲನ ನಡೆಯಿತು. ರಷ್ಯನ್ನಿನಲ್ಲಿ ಆ ಪದಕ್ಕೆ ಮುಷ್ಟಿ ಎಂದರ್ಥ. ಹಳ್ಳಿಯಲ್ಲಿ ಬಡ್ಡಿ ಸಾಲ ಕೊಟ್ಟು ಜನರನ್ನು ಹಿಡಿತದಲ್ಲಿಟ್ಟುಕೊಂಡವನನ್ನು ಹಾಗೆ ಬೈಯುತ್ತಿದ್ದರು. 1930ರಲ್ಲಿ ಅದು ಬೈಗುಳದಿಂದ ಸರ್ಕಾರಿ ಪಟ್ಟಿಯಾಯಿತು. ಎರಡು ಹಸು, ತಗಡಿನ ಸೂರು, ಸುಗ್ಗಿಗೆ ಒಬ್ಬ ಆಳು ಇದ್ದರೆ ಸಾಕಿತ್ತು. ಅದೂ ಇಲ್ಲದ ಬಡವ ಎದುರು ಮಾತಾಡಿದರೆ ಅವನಿಗೆ ‘ಕುಲಾಕರ ಬಾಲ’ ಎಂಬ ಅರ್ಥದ ಬೇರೊಂದು ಹಣೆಪಟ್ಟಿ ಸಿದ್ಧವಿತ್ತು. 1930 ಮತ್ತು 1931ರ ಎರಡೇ ವರ್ಷಗಳಲ್ಲಿ ಸುಮಾರು 18 ಲಕ್ಷ ಜನರನ್ನು ಮಕ್ಕಳುಮರಿ ಸಮೇತ ಉರಲ್, ಸೈಬೀರಿಯಾ, ಕಜಕಸ್ತಾನ ಮತ್ತು ಉತ್ತರದ ಕಾಡುಗಳಿಗೆ ಸಾಗಿಸಲಾಯಿತು.

ಹಳೆಯ ಕಾಮ್ರೇಡ್:

ಅಂಕಿಗಾರರೇ, ನೀವು ಕೊಟ್ಟ ಅಂಕಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಅಂಕಿಗಳು ಯಾವ ಲೋಕದಲ್ಲಿ ಹುಟ್ಟಿದವು ಎಂಬುದನ್ನೂ ನೋಡಬೇಕು. 1927ರ ಮೇ ತಿಂಗಳಲ್ಲಿ ಬ್ರಿಟನ್ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು; ಯುದ್ಧದ ಭೀತಿ ಕಲ್ಪನೆಯಾಗಿರಲಿಲ್ಲ. ಸಾಲ ಕೊಡುವವರಿಲ್ಲ, ವಸಾಹತುಗಳಿಲ್ಲ. ಯಂತ್ರ ಕೊಳ್ಳಲು ಇದ್ದದ್ದು ಗೋಧಿ ಮತ್ತು ಮರ. 1929ರ ಜಾಗತಿಕ ಕುಸಿತದಲ್ಲಿ ಗೋಧಿಯ ಬೆಲೆ ನೆಲ ಕಚ್ಚಿದ್ದರಿಂದ ಅದೇ ಯಂತ್ರಕ್ಕೆ ಮೊದಲಿಗಿಂತ ಹೆಚ್ಚು ಗೋಧಿ ಕೊಡಬೇಕಾಯಿತು. ಆ ಗೋಧಿಯಿಂದಲೇ ಮ್ಯಾಗ್ನಿಟೊಗೋರ್ಸ್ಕ್‌ನ ಉಕ್ಕಿನ ಕುಲುಮೆ, ಸ್ಟಾಲಿನ್‌ಗ್ರಾಡ್‌ನ ಟ್ರ್ಯಾಕ್ಟರ್ ಕಾರ್ಖಾನೆ, ದ್ನೀಪರ್ ನದಿಯ ಅಣೆಕಟ್ಟು ಎದ್ದವು. 1941ರಲ್ಲಿ ಹಿಟ್ಲರನ ಸೈನ್ಯವನ್ನು ತಡೆದ ಟ್ಯಾಂಕುಗಳು ಎಲ್ಲಿಂದ ಬಂದವು ಎಂದು ಯಾರೂ ಕೇಳುವುದಿಲ್ಲ. 1926ರಲ್ಲಿ 2.6 ಕೋಟಿಯಿದ್ದ ನಗರವಾಸಿಗಳು 1939ಕ್ಕೆ 5.6 ಕೋಟಿಯಾದರು. ಓದು ಬರಹ ತಿಳಿಯದ ಹಳ್ಳಿಯ ಹೆಣ್ಣುಮಕ್ಕಳು ಒಂದೇ ತಲೆಮಾರಿನಲ್ಲಿ ವೈದ್ಯರೂ ಎಂಜಿನಿಯರರೂ ಆದರು.

ಇನ್ನೊಂದು ಮಾತು. 1876–78ರ ಧಾತು–ಈಶ್ವರ ಬರದಲ್ಲಿ ನಮ್ಮ ಮೈಸೂರು ಸಂಸ್ಥಾನ ಏನಾಯಿತು? 1871ರ ಗಣತಿಯಲ್ಲಿ 50.5 ಲಕ್ಷವಿದ್ದ ಜನಸಂಖ್ಯೆ 1881ಕ್ಕೆ 41.8 ಲಕ್ಷಕ್ಕೆ ಕುಸಿಯಿತು. ಅದೇ ಹೊತ್ತಿಗೆ ಭಾರತದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿ ಹೋಗುತ್ತಿತ್ತು. ಅದನ್ನು ಬಂಡವಾಳಶಾಹಿಯ ಅಪರಾಧ ಎಂದು ಪಠ್ಯಪುಸ್ತಕದಲ್ಲಿ ಬರೆಯದವರು ಇದನ್ನು ಮಾತ್ರ ಕಮ್ಯುನಿಸಮ್ಮಿನ ಅಪರಾಧ ಎನ್ನುವುದು ನ್ಯಾಯವೇ?

ಅಂಕಿಗಾರ:

ಧಾತು ಬರದ ಹೋಲಿಕೆಯನ್ನು ನಾನು ಒಪ್ಪುತ್ತೇನೆ ಸರ್, ಮನಸಾರೆ ಒಪ್ಪುತ್ತೇನೆ. ಹಾಗಿದ್ದರೆ ಅದೇ ಅಳತೆಗೋಲನ್ನು ಎರಡೂ ಕಡೆ ಇಡೋಣ. ಜನ ಸಾಯುತ್ತಿರುವಾಗ ಬಂದರಿನಿಂದ ಧಾನ್ಯ ಹೊರಗೆ ಹೋದರೆ ಅದು ಅಪರಾಧ. ಸೋವಿಯತ್ ಧಾನ್ಯ ರಫ್ತು 1930ರಲ್ಲಿ ಸುಮಾರು 48 ಲಕ್ಷ ಟನ್, 1931ರಲ್ಲಿ 52 ಲಕ್ಷ ಟನ್. 1932ರಲ್ಲಿಯೂ 1933ರಲ್ಲಿಯೂ 17 ಲಕ್ಷ ಟನ್ ಆಸುಪಾಸು. ಇಳಿಸಿದ್ದು ನಿಜ, ನಿಲ್ಲಿಸಲಿಲ್ಲ. ತಲೆಗೆ ದಿನಕ್ಕೆ ಅರ್ಧ ಕಿಲೋದಂತೆ ಗುಣಿಸಿ ನೋಡಿ. 17 ಲಕ್ಷ ಟನ್ನಿನಲ್ಲಿ 90 ಲಕ್ಷಕ್ಕೂ ಹೆಚ್ಚು ಜನರನ್ನು ಒಂದು ವರ್ಷ ಬದುಕಿಸಬಹುದಿತ್ತು.

ಕಣದ ರಾಶಿ:

ನಾನು ಮಂಡ್ಯ ಕಡೆಯ ರೈತ. ಪುಸ್ತಕ ಓದಿದ್ದು ಕಡಿಮೆ, ಆದರೆ ಈ ವಿಷಯ ಓದುವಾಗ ನನಗೆ ಕಣ್ಣ ಮುಂದೆ ಬರುವುದು ಕಣ. ನಮ್ಮ ತಾತನ ಕಾಲದಲ್ಲಿ ರಾಶಿ ಪೂಜೆಯಾದ ಮೇಲೆ ಧಾನ್ಯ ಮನೆಗೆ ಹೊರಡುವ ಮುಂಚೆ ಕಣದಲ್ಲೇ ಬಡಗಿ, ಕಮ್ಮಾರ, ಅಗಸ, ತಳವಾರರಿಗೆ ಆಯ ಅಳೆದು ಕೊಡುತ್ತಿದ್ದರು. ಗೇಣಿಗೆ ಮಾಡುವವನಾದರೆ ಒಡೆಯನ ಪಾಲು ಮೊದಲು ಹೋಗುತ್ತಿತ್ತು, ಆ ಅನ್ಯಾಯವನ್ನು ಮರೆಮಾಚುವುದು ಬೇಡ. ಆದರೂ ಮಳೆ ಕೈಕೊಟ್ಟ ವರ್ಷ ರಾಶಿ ಚಿಕ್ಕದಾದರೆ ಎಲ್ಲರ ಆಯವೂ ಚಿಕ್ಕದಾಗುತ್ತಿತ್ತು.

ಸೋವಿಯತ್ ಸಾಮೂಹಿಕ ಜಮೀನಿನಲ್ಲಿ ಪಾಲಿನ ಸರದಿ ಹೇಗಿತ್ತು ಎಂದು ನಮ್ಮ ಮಗನ ಕೈಲಿ ಓದಿಸಿ ತಿಳಿದುಕೊಂಡೆ. ಮೊದಲು ಸರ್ಕಾರದ ಕಡ್ಡಾಯ ಪಾಲು. ಆಮೇಲೆ ಟ್ರ್ಯಾಕ್ಟರ್ ಕೇಂದ್ರಕ್ಕೆ ಉಳುಮೆಯ ಬಾಡಿಗೆ, ಅದೂ ಧಾನ್ಯದಲ್ಲಿ. ಆಮೇಲೆ ಬಿತ್ತನೆ ಬೀಜ ಮತ್ತು ದನಗಳ ಮೇವು. ಕೊನೆಗೆ ಏನಾದರೂ ಉಳಿದರೆ, ವರ್ಷವೆಲ್ಲ ಯಾರು ಎಷ್ಟು ಕೆಲಸದ ದಿನ ದುಡಿದರೆಂದು ಪುಸ್ತಕದಲ್ಲಿ ಗುರುತು ಹಾಕಿದ ಲೆಕ್ಕದಂತೆ ಹಂಚಿಕೆ. ಅಂದರೆ ಬೆಳೆದವನೇ ಸಾಲಿನ ಕಟ್ಟಕಡೆಯವನು. ರಾಶಿ ಚಿಕ್ಕದಾದರೂ ಮೊದಲನೆಯವನ ಪಾಲು ಚಿಕ್ಕದಾಗುವಂತಿಲ್ಲ. ಹಾಗಿರುವಾಗ ಬರವೆಲ್ಲ ಯಾರ ತಲೆಯ ಮೇಲೆ ಬೀಳುತ್ತದೆ?

ನಾನು ಹುಡುಗನಾಗಿದ್ದಾಗ ನಮ್ಮಲ್ಲೂ ಲೆವಿ ಭತ್ತ ಅಳೆಯಲು ಬರುತ್ತಿದ್ದರು. ಅಪ್ಪ ಹುಲ್ಲಿನ ಮೆದೆಯೊಳಗೆ ನಾಲ್ಕು ಮೂಟೆ ಬಚ್ಚಿಟ್ಟಿದ್ದರು. ಬಂದ ಗುಮಾಸ್ತರು ಮೆದೆಯ ಪಕ್ಕದಲ್ಲೇ ನಿಂತು ಮಜ್ಜಿಗೆ ಕುಡಿದು, ನೋಡಿಯೂ ನೋಡದವರಂತೆ ಹೋದರು. ಬೆಲೆ ಕಡಿಮೆಯಾದರೂ ಲೆವಿಗೆ ದುಡ್ಡು ಕೊಟ್ಟರು, ಮನೆಯಲ್ಲಿ ಯಾರೂ ಉಪವಾಸ ಬೀಳಲಿಲ್ಲ. ಯುಕ್ರೇನಿನಲ್ಲಿ ತಪಾಸಣೆಗೆ ಬಂದವರು ಉದ್ದನೆಯ ಕಬ್ಬಿಣದ ಸರಳು ಹಿಡಿದು ಮನೆಯ ನೆಲ, ಒಲೆಯ ಬುಡ, ಹುಲ್ಲಿನ ಬಣವೆಗಳನ್ನು ಚುಚ್ಚಿ ಚುಚ್ಚಿ ನೋಡುತ್ತಿದ್ದರಂತೆ. ನಮ್ಮ ರಾಗಿಯ ಹಗೇವಿನಂತೆ ಅಲ್ಲಿಯೂ ಗುಂಡಿಯಲ್ಲಿ ಕಾಳು ಹೂಳುತ್ತಿದ್ದರೆಂದು ಕಾಣುತ್ತದೆ. ಆ ಗುಮಾಸ್ತರು ಸರಳು ತಂದಿದ್ದರೆ ನಮ್ಮ ಮನೆಯ ಕಥೆ ಏನಾಗುತ್ತಿತ್ತೋ.

ಗ್ರಂಥಪಾಲಕಿ:

ಕಣದ ರಾಶಿಯವರೇ, ನಿಮ್ಮ ಮಾತಿನಿಂದ ನನ್ನ ಪ್ರಶ್ನೆಯೇ ಬದಲಾಯಿತು. ಮಳೆಯೋ ಆಡಳಿತವೋ ಎನ್ನುವುದಕ್ಕಿಂತ ಪಾಲಿನ ಸರದಿ ಏನಿತ್ತು ಎಂದು ಕೇಳಬೇಕಿತ್ತು. ಹಾಗಾದರೆ ರಾಶಿ ಎಷ್ಟಾಗುತ್ತದೆಂದು ಅಳೆಯುತ್ತಿದ್ದವರು ಯಾರು?

ಅಂಕಿಗಾರ:

ಅಲ್ಲೇ ಇರುವುದು ಮರ್ಮ ಮೇಡಂ. 1930ರಲ್ಲಿ ಬೆಳೆ ಚೆನ್ನಾಗಿ ಬಂದಿತ್ತು. ಆ ವರ್ಷ ಸಿಕ್ಕ ಧಾನ್ಯವನ್ನೇ ಮಾದರಿಯಾಗಿಟ್ಟುಕೊಂಡು ಮುಂದಿನ ವರ್ಷಗಳ ಗುರಿ ನಿಗದಿಯಾಯಿತು. 1931ರಲ್ಲಿ ವೋಲ್ಗಾ ತೀರ, ಪಶ್ಚಿಮ ಸೈಬೀರಿಯಾ, ಕಜಕಸ್ತಾನಗಳಲ್ಲಿ ಮಳೆ ಕೈಕೊಟ್ಟಿತು. ಆ ಹೊತ್ತಿಗೆ ಉಳುವ ಪ್ರಾಣಿಗಳೂ ಇರಲಿಲ್ಲ. ಸಂಘಕ್ಕೆ ಒಪ್ಪಿಸುವ ಬದಲು ಕೊಯ್ದು ತಿನ್ನುವುದೇ ಮೇಲು ಎಂದು ರೈತರು 1930ರ ಚಳಿಗಾಲದಲ್ಲಿ ದನಗಳನ್ನು ಕೊಯ್ದರು; ಸಂಘದ ಕೊಟ್ಟಿಗೆ ಸೇರಿದ ಪ್ರಾಣಿಗಳು ಮೇವಿಲ್ಲದೆ, ಆರೈಕೆಯಿಲ್ಲದೆ ಸತ್ತವು. 1928ರಲ್ಲಿ 3.3 ಕೋಟಿಯಷ್ಟಿದ್ದ ಕುದುರೆಗಳು ಐದಾರು ವರ್ಷಗಳಲ್ಲಿ ಅರ್ಧಕ್ಕಿಂತ ಕಡಿಮೆಯಾದವು. ಟ್ರ್ಯಾಕ್ಟರುಗಳು ಆ ಕೊರತೆಯನ್ನು ತುಂಬುವಷ್ಟು ಇರಲಿಲ್ಲ.

1933ರಿಂದ ಅಳತೆಯ ವಿಧಾನವೇ ಬದಲಾಯಿತು. ಕಣಕ್ಕೆ ಬಂದ ಕಾಳನ್ನು ಅಳೆಯುವ ಬದಲು, ಹೊಲದಲ್ಲಿ ನಿಂತ ಪೈರನ್ನು ನೋಡಿ ಇಷ್ಟು ಇಳುವರಿ ಎಂದು ಅಂದಾಜು ಮಾಡುತ್ತಿದ್ದರು. ಕೊಯ್ಲಿನಲ್ಲಿ ಉದುರಿದ್ದು, ಮಳೆಗೆ ಮೊಳೆತದ್ದು, ಗಾಡಿಯಲ್ಲಿ ಸೋರಿದ್ದು, ಇಲಿ ತಿಂದದ್ದು ಯಾವುದೂ ಲೆಕ್ಕಕ್ಕಿರಲಿಲ್ಲ. ಪೈರಿನ ಮೇಲೆ ಹಾಕಿದ ಪಾಲನ್ನು ಕಣದಿಂದ ಎತ್ತಬೇಕಾಗಿತ್ತು.

ಕೊಡಲಾಗದ ಹಳ್ಳಿಯನ್ನು ಕಪ್ಪುಹಲಗೆಯ ಪಟ್ಟಿಗೆ ಸೇರಿಸುತ್ತಿದ್ದರು. ಆ ಹಳ್ಳಿಯ ಅಂಗಡಿಗೆ ಉಪ್ಪು, ಸೀಮೆಎಣ್ಣೆ, ಬೆಂಕಿಪೊಟ್ಟಣಗಳ ಸರಬರಾಜೂ ನಿಲ್ಲುತ್ತಿತ್ತು. 1932ರ ಆಗಸ್ಟ್ 7ರ ಕಾನೂನಿನಂತೆ ಸಾಮೂಹಿಕ ಹೊಲದಿಂದ ಕಾಳು ಕದ್ದವನಿಗೆ ಗುಂಡೇಟು ಅಥವಾ 10 ವರ್ಷ ಸೆರೆ. ಜನ ಇದನ್ನು ‘ತೆನೆ ಕಾನೂನು’ ಎಂದು ಕರೆದರು, ಏಕೆಂದರೆ ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆ ಆಯ್ದವರೂ ಸಿಕ್ಕಿಬಿದ್ದರು. ಆ ವರ್ಷದ ಕೊನೆಗೆ ಕುಬಾನಿನ ಪೊಲ್ತಾವ್‌ಸ್ಕಯಾ ಎಂಬ, ಕೊಸಾಕರೆಂಬ ಸೈನಿಕ-ರೈತ ಸಮುದಾಯದ ಊರನ್ನು ಊರಿಗೂರೇ ಎತ್ತಿ ಉತ್ತರಕ್ಕೆ ಸಾಗಿಸಿದರು.

ಹಳೆಯ ಕಾಮ್ರೇಡ್:

ಕೊರತೆಗಳಿದ್ದವು, ಕ್ರೌರ್ಯವೂ ಇತ್ತು ಎಂದು ಒಪ್ಪುತ್ತೇನೆ. ಆದರೆ 1933ರ ಫೆಬ್ರವರಿಯಿಂದ ಜುಲೈವರೆಗೆ ಅದೇ ಸರ್ಕಾರ 3 ಲಕ್ಷ ಟನ್ನಿಗೂ ಹೆಚ್ಚು ಆಹಾರ ಧಾನ್ಯವನ್ನು, ಬಹುಪಾಲು ಯುಕ್ರೇನ್ ಮತ್ತು ಉತ್ತರ ಕಾಕಸಸ್ಸಿಗೇ, ನೆರವಾಗಿ ಬಿಡುಗಡೆ ಮಾಡಿತು. ವಸೂಲಿಯ ಗುರಿಯನ್ನು 1932ರಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಇಳಿಸಿತು. ಒಂದು ಜನಾಂಗವನ್ನು ಕೊಲ್ಲಲು ಹೊರಟವರು ಹೀಗೆ ಮಾಡುತ್ತಾರೆಯೇ? ರಷ್ಯನ್ನರೂ ವೋಲ್ಗಾ ತೀರದಲ್ಲಿ ಸತ್ತರಲ್ಲವೇ?

ಅಂಕಿಗಾರ:

ನೆರವು ಹೋದದ್ದು ನಿಜ. ಅದು ಮುಖ್ಯವಾಗಿ ವಸಂತದ ಬಿತ್ತನೆಗೆ ಇಳಿಯಬೇಕಾದವರ ಕೈಗೆ ಹೋಯಿತು ಎಂಬುದೂ ನಿಜ. ನರಮೇಧ ಎಂಬ ಪದದ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಯುಕ್ರೇನಿನ ಸಂಸತ್ತು 2006ರಲ್ಲಿ ಹಾಗೆಂದು ಘೋಷಿಸಿತು. ನನ್ನ ಮಟ್ಟಿಗೆ ತೂಕವಾಗಿ ಕಾಣುವ ದಾಖಲೆ ಬೇರೆ. 1933ರ ಜನವರಿ 22ರಂದು ಸ್ಟಾಲಿನ್ ಮತ್ತು ಪ್ರಧಾನಿ ಮೊಲೊತೊವ್ ಸಹಿಯಿಂದ ಹೊರಟ ಆದೇಶ ಅದು. ಯುಕ್ರೇನ್ ಮತ್ತು ಕುಬಾನಿನ ರೈತರು ಬೇರೆ ಪ್ರಾಂತ್ಯಗಳಿಗೆ ಹೋಗದಂತೆ ತಡೆಯಬೇಕು, ರೈಲ್ವೆ ಟಿಕೆಟ್ ಕೊಡಬಾರದು ಎಂದಿತ್ತು. ಮಾರ್ಚ್ ಮಧ್ಯದ ಹೊತ್ತಿಗೆ 2 ಲಕ್ಷಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು. ಅವರಲ್ಲಿ ಹೆಚ್ಚಿನವರನ್ನು ಬಿಟ್ಟು ಬಂದ ಹಳ್ಳಿಗೇ ವಾಪಸು ಕಳುಹಿಸಲಾಯಿತು. ಬರಗಾಲದಲ್ಲಿ ಗುಳೆ ಹೋಗುವುದು ನಮ್ಮ ರಾಯಚೂರು, ಕಲಬುರಗಿಯವರಿಗೆ ತಿಳಿಯದ ವಿಷಯವಲ್ಲ. ಗುಳೆ ಹೊರಟವರನ್ನು ಸ್ಟೇಷನ್ನಿನಿಂದ ಹಿಂದಕ್ಕೆ ಅಟ್ಟುವುದೆಂದರೆ ಏನೆಂದು ಅವರೇ ಹೇಳಬಲ್ಲರು.

ಕುರಿಹಟ್ಟಿ:

ಎಲ್ಲರೂ ಯುಕ್ರೇನಿನಲ್ಲೇ ನಿಂತಿದ್ದೀರಿ. ಅಲ್ಲಿ ಸತ್ತವರು 35 ಲಕ್ಷದಿಂದ 39 ಲಕ್ಷ ಎನ್ನುತ್ತಾರೆ, ಅದು ದೊಡ್ಡ ಸಂಖ್ಯೆಯೇ. ಆದರೆ ಜನಸಂಖ್ಯೆಯ ಪ್ರಮಾಣದಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು ಕಜಕರು. ಚಿತ್ರದುರ್ಗ ಸೀಮೆಯ ವಲಸೆ ಕುರಿಗಾರರ ಮನೆತನದವನಾದ್ದರಿಂದ ಈ ಭಾಗ ನನ್ನನ್ನು ಹೆಚ್ಚು ಕಲಕಿತು.

ಕಜಕರು ಋತುವಿಗೆ ತಕ್ಕಂತೆ ಕುರಿ, ಕುದುರೆ, ಒಂಟೆಗಳನ್ನು ಹೊಡೆದುಕೊಂಡು ನೂರಾರು ಮೈಲಿ ತಿರುಗುವ ಜನ. ಒಂದೇ ಕಡೆ ಮಂದೆ ನಿಂತರೆ ಹುಲ್ಲು ಸಾಲದು ಎಂಬ ಸರಳ ತಿಳಿವಳಿಕೆಯ ಮೇಲೆ ಆ ಬದುಕು ನಿಂತಿತ್ತು. ಅಲ್ಲಿನ ಪಕ್ಷದ ಮುಖ್ಯಸ್ಥ ಫಿಲಿಪ್ ಗೊಲೊಶ್ಚೆಕಿನ್ ಅವರನ್ನು ಒಂದೆಡೆ ನೆಲೆಗೊಳಿಸಲು ಹೊರಟ. ಬೇಸಾಯವನ್ನೇ ಮಾಡದವರ ಮೇಲೂ ಧಾನ್ಯದ ಪಾಲು ಹೇರಿದ್ದರಿಂದ ಅವರು ಕುರಿ ಮಾರಿ ಧಾನ್ಯ ಕೊಂಡು ಸರ್ಕಾರಕ್ಕೆ ಕೊಡಬೇಕಾಯಿತು. ಮೇಲೆ ಮಾಸ್ಕೋ, ಲೆನಿನ್‌ಗ್ರಾಡ್‌ಗಳಿಗೆ ಮಾಂಸದ ಪಾಲು ಬೇರೆ. ಹತ್ತರಲ್ಲಿ ಒಂಬತ್ತು ಪಾಲು ಜಾನುವಾರು ಹೋದವು. ಸುಮಾರು 15 ಲಕ್ಷ ಜನ ಸತ್ತರು, ಬಹುಪಾಲು ಕಜಕರು. ಅವರ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು. ಲಕ್ಷಾಂತರ ಮಂದಿ ಚೀನಾದ ಕಡೆಗೂ ನೆರೆಯ ಗಣರಾಜ್ಯಗಳಿಗೂ ಓಡಿಹೋದರು. ತಮ್ಮದೇ ನಾಡಿನಲ್ಲಿ ಅವರು ದಶಕಗಳ ಕಾಲ ಅಲ್ಪಸಂಖ್ಯಾತರಾಗಿ ಉಳಿದರು. ತುರಾರ್ ರಿಸ್ಕುಲೊವ್ ಎಂಬ ಕಜಕ್ ಬೊಲ್ಶೆವಿಕ್ ನಾಯಕ ಈ ಸ್ಥಿತಿಯನ್ನು ಸ್ಟಾಲಿನ್‌ಗೆ ಪತ್ರ ಬರೆದು ತಿಳಿಸಿದ್ದರು. 1938ರಲ್ಲಿ ಅವರನ್ನೇ ಗುಂಡಿಕ್ಕಿ ಕೊಂದರು. ಕಾಮ್ರೇಡರೇ, ಇವರು ಪಕ್ಷದ ಒಳಗಿನವರೇ ಆಗಿದ್ದರು ಎಂಬುದನ್ನು ಗಮನಿಸಬೇಕು.

ಗ್ರಂಥಪಾಲಕಿ:

ಹೆಂಗಸರ ಪಾತ್ರದ ಬಗ್ಗೆ ನಾನು ಓದಿದ್ದನ್ನು ಸೇರಿಸುತ್ತೇನೆ. 1930ರ ಒಂದೇ ವರ್ಷದಲ್ಲಿ ರಹಸ್ಯ ಪೊಲೀಸರ ದಾಖಲೆಯಂತೆ ಹಳ್ಳಿಗಳಲ್ಲಿ 13,000ಕ್ಕೂ ಹೆಚ್ಚು ಸಾಮೂಹಿಕ ಪ್ರತಿಭಟನೆಗಳು ನಡೆದವು. ಅವುಗಳಲ್ಲಿ 3,700ರಷ್ಟನ್ನು ನಡೆಸಿದವರು ಬಹುತೇಕ ಹೆಂಗಸರೇ. ಚರ್ಚಿನ ಗಂಟೆ ಬಾರಿಸಿ ಊರನ್ನು ಸೇರಿಸುವುದು, ಮಕ್ಕಳನ್ನು ಎತ್ತಿಕೊಂಡು ಮುಂದೆ ನಿಲ್ಲುವುದು, ಸಂಘದ ಲಾಯಕ್ಕೆ ನುಗ್ಗಿ ತಮ್ಮ ಕುದುರೆಯನ್ನು ಹಗ್ಗ ಹಿಡಿದು ಮನೆಗೆ ಕರೆತರುವುದು, ಬಿತ್ತನೆ ಬೀಜ ತುಂಬಿದ ಗಾಡಿಗೆ ಅಡ್ಡ ಮಲಗುವುದು. ಗಂಡಸರು ಹಿಂದೆ ನಿಲ್ಲುತ್ತಿದ್ದರು. ಅವರು ಮುಂದೆ ಬಂದರೆ ಬಂಧನ ಖಚಿತ, ಹೆಂಗಸರ ಗಲಾಟೆಯನ್ನು ಅಧಿಕಾರಿಗಳು ತಿಳಿವಳಿಕೆಯಿಲ್ಲದವರ ಕೂಗಾಟ ಎಂದು ಎಷ್ಟೋ ಸಲ ಬಿಟ್ಟುಬಿಡುತ್ತಿದ್ದರು. ಆ ತಾತ್ಸಾರವನ್ನೇ ಅವರು ಗುರಾಣಿ ಮಾಡಿಕೊಂಡರು. ಚರ್ಚುಗಳ ಗಂಟೆಗಳನ್ನು ಇಳಿಸಿ ಲೋಹಕ್ಕಾಗಿ ಸಾಗಿಸಿದ್ದೂ ಅದೇ ಕಾಲದಲ್ಲಿ. ನನ್ನ ಹಳೆಯ ಪುಸ್ತಕದ ಟ್ರ್ಯಾಕ್ಟರ್ ಹೆಣ್ಣುಮಗಳ ಪಕ್ಕದಲ್ಲಿ ಇವರ ಚಿತ್ರವೂ ಇರಬೇಕಿತ್ತು.

ಇನ್ನೊಂದು ಪ್ರಶ್ನೆ: ನಮ್ಮವರಿಗೆ ಇದು ಆಗ ತಿಳಿಯಲಿಲ್ಲವೇ? ರವೀಂದ್ರನಾಥ ಟಾಗೋರರು 1930ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲೇ ಇದ್ದರಲ್ಲ?

ಅಂಕಿಗಾರ:

ಇದ್ದರು, ಎರಡು ವಾರ. ಶಾಲೆಗಳನ್ನು ಕಂಡು ಮೆಚ್ಚಿದರು. ಮಾಸ್ಕೋದ ರೈತಭವನದಲ್ಲಿ ರೈತರೊಡನೆ ಕುಳಿತು ಸಾಮೂಹಿಕ ಬೇಸಾಯದ ಬಗ್ಗೆ ಪ್ರಶ್ನೋತ್ತರವನ್ನೂ ನಡೆಸಿದರು. ರಾಜಧಾನಿಯ ಭವನಕ್ಕೆ ಬರುವ ರೈತ ಏನು ಹೇಳಬಲ್ಲ ಎಂಬುದನ್ನು ಊಹಿಸಬಹುದು. ಹೊರಡುವಾಗ ‘ಇಜ್ವೆಸ್ತಿಯಾ’ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ, ಎದುರಾಳಿಗಳ ಮೇಲೆ ದ್ವೇಷ ಬಿತ್ತುವುದನ್ನೂ ಭಿನ್ನಾಭಿಪ್ರಾಯವನ್ನು ತುಳಿಯುವುದನ್ನೂ ಅವರು ನೇರವಾಗಿ ಟೀಕಿಸಿದರು. ಆ ಸಂದರ್ಶನವನ್ನು ಪತ್ರಿಕೆ ಆಗ ಅಚ್ಚು ಮಾಡಲಿಲ್ಲ. ಅದು ಬೆಳಕಿಗೆ ಬಂದದ್ದು 1988ರಲ್ಲಿ.

1933ರ ಮಾರ್ಚಿನಲ್ಲಿ ವೇಲ್ಸ್‌ನ ಯುವ ಪತ್ರಕರ್ತ ಗ್ಯಾರೆತ್ ಜೋನ್ಸ್ ರೈಲಿನಿಂದ ಮಧ್ಯದಲ್ಲೇ ಇಳಿದು ಯುಕ್ರೇನಿನ ಹಳ್ಳಿಗಳಲ್ಲಿ ನಡೆದು ಹೋಗಿ, ಕಂಡದ್ದನ್ನು ಬರ್ಲಿನ್ನಿನಲ್ಲಿ ಪತ್ರಕರ್ತರ ಮುಂದೆ ಹೇಳಿದ. ಎರಡೇ ದಿನಗಳಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಮಾಸ್ಕೋ ವರದಿಗಾರ ವಾಲ್ಟರ್ ಡ್ಯುರಾಂಟಿ ಅದನ್ನು ತಳ್ಳಿಹಾಕಿದ. ಡ್ಯುರಾಂಟಿಗೆ ಅದರ ಹಿಂದಿನ ವರ್ಷವೇ ಪುಲಿಟ್ಜರ್ ಪ್ರಶಸ್ತಿ ಬಂದಿತ್ತು. ಜನ ಯಾರನ್ನು ನಂಬಿದರೆಂದು ಹೇಳಬೇಕಿಲ್ಲ.

ಹೋಲಿಸಿ ನೋಡಿ: 1921ರ ಕ್ಷಾಮದಲ್ಲಿ ಲೆನಿನ್ ಸರ್ಕಾರ ಲೇಖಕ ಗಾರ್ಕಿಯವರ ಮೂಲಕ ಜಗತ್ತಿಗೆ ಮೊರೆಯಿಟ್ಟಿತು. ಅಮೆರಿಕದ ಹೂವರ್ ನೇತೃತ್ವದ ಪರಿಹಾರ ಸಂಸ್ಥೆ 1922ರಲ್ಲಿ ದಿನಕ್ಕೆ ಒಂದು ಕೋಟಿಗೂ ಹೆಚ್ಚು ಜನರಿಗೆ ಊಟ ಹಾಕಿತು. 1933ರಲ್ಲಿ ಕ್ಷಾಮವೇ ಇಲ್ಲ ಎಂದದ್ದರಿಂದ ಕೇಳುವ ಪ್ರಶ್ನೆಯೂ ಇರಲಿಲ್ಲ. ನಗರಗಳಲ್ಲಿ ‘ತೊರ್ಗ್‌ಸಿನ್’ ಎಂಬ ಸರ್ಕಾರಿ ಅಂಗಡಿಗಳು ಮಾತ್ರ ತೆರೆದಿದ್ದವು. ಅಲ್ಲಿ ಮದುವೆಯ ಉಂಗುರವನ್ನೋ ಬೆಳ್ಳಿಯ ಚಮಚವನ್ನೋ ತೂಗಿ ಕೊಟ್ಟರೆ ಹಿಟ್ಟು ಸಿಗುತ್ತಿತ್ತು.

ಕಣದ ರಾಶಿ:

ಹಿಟ್ಟು ಇತ್ತು ಅಂದಹಾಗಾಯಿತು.

ಹಳೆಯ ಕಾಮ್ರೇಡ್:

ಮೂರು ದಿನ ಉತ್ತರಿಸದೆ ಇದ್ದದ್ದಕ್ಕೆ ಕ್ಷಮೆಯಿರಲಿ. ಕೈಗಾರಿಕೀಕರಣದ ಬಗ್ಗೆ ನಾನು ಹೇಳಿದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ. ಕಜಕರ ವಿಷಯ ಮಾತ್ರ ನನಗೆ ನಿಜವಾಗಿಯೂ ತಿಳಿದಿರಲಿಲ್ಲ. ನಾಲ್ವತ್ತು ವರ್ಷ ಸಂಘಟನೆಯಲ್ಲಿದ್ದು ರಿಸ್ಕುಲೊವ್ ಎಂಬ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ. ಅಂಕಿಗಾರರೇ, ಸತ್ತವರ ಸಂಖ್ಯೆ ಅಷ್ಟೊಂದಿದ್ದರೆ ಅವರದೇ ಜನಗಣತಿಯಲ್ಲಿ ಕಾಣಬೇಕಿತ್ತಲ್ಲ? ಅದನ್ನು ತಿಳಿಸಿ.

ಅಂಕಿಗಾರ:

ಕಂಡಿತು ಸರ್. 1934ರ ಜನವರಿಯಲ್ಲಿ ಪಕ್ಷದ 17ನೆಯ ಮಹಾಧಿವೇಶನದಲ್ಲಿ ಸ್ಟಾಲಿನ್ ದೇಶದ ಜನಸಂಖ್ಯೆ 16.8 ಕೋಟಿ ಎಂದು ಘೋಷಿಸಿದ್ದರು. 1937ರ ಜನವರಿಯಲ್ಲಿ ಗಣತಿ ನಡೆದಾಗ ಸಿಕ್ಕಿದ್ದು 16.2 ಕೋಟಿ. ಮೂರು ವರ್ಷ ಕಳೆದ ಮೇಲೆ ಬೆಳೆದಿರಬೇಕಾದ ಸಂಖ್ಯೆ, ಹಿಂದೆ ಹೇಳಿದ್ದಕ್ಕಿಂತ 60 ಲಕ್ಷ ಕಡಿಮೆ! ಗಣತಿಯನ್ನು ರದ್ದುಪಡಿಸಿ, ಅದನ್ನು ನಡೆಸಿದ ಸಂಖ್ಯಾಶಾಸ್ತ್ರಜ್ಞರನ್ನು ಬಂಧಿಸಿದರು, ಹಲವರನ್ನು ಕೊಂದರು. ಹೊಸಬರ ಕೈಯಲ್ಲಿ 1939ರಲ್ಲಿ ಮತ್ತೊಮ್ಮೆ ಎಣಿಸಿ 17 ಕೋಟಿ ಎಂದು ಪ್ರಕಟಿಸಿದರು. 1937ರ ಕಾಗದಗಳು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಪತ್ರಾಗಾರದಲ್ಲೇ ಉಳಿದವು.

ಹಳೆಯ ಕಾಮ್ರೇಡ್:

ಅಟ್ಟದ ಮೇಲಿನ ಪೆಟ್ಟಿಗೆಯಿಂದ ಮಾಸ್ಕೋದಲ್ಲಿ ಅಚ್ಚಾದ ಒಂದು ಹಳೆಯ ಕೈಪಿಡಿಯನ್ನು ಇಳಿಸಿ ನೋಡಿದೆ. ಜನಸಂಖ್ಯೆಯ ಕೋಷ್ಟಕದಲ್ಲಿ 1926 ಇದೆ, ಅದರ ಕೆಳಗೆ 1939 ಇದೆ. ಪಕ್ಕದಲ್ಲಿ ‘ಅದ್ಭುತ ಪ್ರಗತಿ’ ಎಂದು ಪೆನ್ಸಿಲಿನಲ್ಲಿ ನಾನೇ ಬರೆದುಕೊಂಡಿದ್ದೇನೆ.